ಗೋಮಿಬಾಯಿಗೆ ಇಟ್ಟ ಪದ

ಫಾತೋರ್ಡಾ, ೧೪ ಜೂನ್ ೨೦೦೯, ಭಾನುವಾರ

ಬ್ಯಾಂಕ್ ಪರೀಕ್ಷೆ ಮುಗೀತು, ಆದ್ರೂ ನಿದ್ದಿ ಬರವಲ್ದು. ಕೂಸು ಹುಟ್ಟಿದ ಮ್ಯಾಲೆ ತಲ್ಯಾಗ ಒಂದು ಇಂಗ್ಲಿಷ್ ಪದಾನೂ ನಿಲ್ಲೂದಿಲ್ಲ ಅಂತ ಎಷ್ಟು ಅಂಜಿದ್ದೆ. ಅದಕ್ಕ ಪದ ನೆನಪಿರಲಿ ಅಂತ ಚಾಳಿನವರಿಗೆಲ್ಲ ಅವರವರ ಗುಣ ನೋಡಿ ಒಂದೊಂದು ಹಂಚಿದ್ದೆ. ದಿನಕ್ಕ ನಾಕ ನಾಕು ಮಾತಾಡೋ ನಮ್ಮ ಮಾವನವರು ‘ಟ್ಯಾಸಿಟರ್ನ್’. ಬೀಚಿನ್ಯಾಗ ಮಣಿಸರ ಮಾರೋ ಪಕ್ಕದ ಮನಿ ಗೋಮಿಬಾಯಿ ‘ಗ್ಯಾರುಲಸ್’, ಬಾಯಿ ಮುಚ್ಚದಾಕಿ.

ಇವತ್ತು ಪ್ರಶ್ನೆಪತ್ರಿಕೆಯೊಳಗ ಅದ ಪದ ಬಂತು. ಗೋಮಿಬಾಯಿ ಮುಖ ಕಣ್ಮುಂದ ನಿಂತು ಕಿಸಕ್ಕನ ನಕ್ಕೆ. ಮೇಲ್ವಿಚಾರಕರು ತಿರುಗಿ ನೋಡಿದ್ರು.

ಸಂಜಿಗೆ ಕೂಸನ್ನ ಕರ್ಕೊಳ್ಳಾಕ ಆಕಿ ಮನಿಗೆ ಹೋದಾಗ ಎಲ್ಲಾ ಹೇಳಿಬಿಟ್ಟೆ.

“ಅಂದ್ರ ನಾ ಭಾಳ ವಟಗುಟ್ತೀನಿ?”

“ಹೌದ್ರಿ ಅಕ್ಕಾ. ಸಿಟ್ಟು ಬಂತೇನ್ರಿ?”

“ನನ್ನ ಗಂಡ ಇದಕ್ಕಿಂತ ಕೆಟ್ಟ ಪದ ಇಟ್ಟಾನ ತಗೋ” ಅಂದವಳೇ ಹೊರಗ ಹೋಗಿ ಓಣಿಗೆಲ್ಲಾ ಸಾರಿದ್ಲು: “ಸಾಲಿ ಮೆಟ್ಲ ಹತ್ತದಾಕಿ ನಾ, ಬ್ಯಾಂಕ್ ಪರೀಕ್ಷಿಗೆ ಹೋಗಿ ಬಂದೇನಿ!”

ಪಾಸಾಗ್ತೀನೋ ಇಲ್ಲೋ ಗೊತ್ತಿಲ್ಲ. ಆದ್ರ ಪದ ನಿಂತಾವು. ನನ್ನ ತಲಿ ಇನ್ನೂ ನಂದ ಐತಿ. ನಗು ತಡಕೊಂಡು ಬರಿಯಾಕತ್ತೇನಿ, ಕೂಸು ಎದ್ದರ ಮತ್ತ… ಅಯ್ಯ, ಎದ್ದ ಬಿಡ್ತು.