ಮೂರನೇ ಸಲದ ಬೆರಳು

ಅಮ್ಮಾ, ನಿನ್ನನ್ನು ಮಣ್ಣು ಮಾಡಿದ ಮೇಲೆ ನಿನ್ನ ದೇವರು ಅಣ್ಣ ಹೇಳಿಕೊಟ್ಟದ್ದನ್ನೇ ಹೇಳುತ್ತಾನೆ.

ಅಪ್ಪನನ್ನು ವೃದ್ಧಾಶ್ರಮಕ್ಕೆ ಸೇರಿಸಬೇಕೋ ಬೇಡವೋ ಅಂತ ದೇವರನ್ನೇ ಕೇಳೋಕೆ ಅಣ್ಣ ಇವತ್ತು ಊಟದ ಮೇಜಿನ ಮೇಲೆ ನಿನ್ನ ಬೈಬಲ್ ಇಟ್ಟ. ನಿನ್ನ ಹಾಗೇ ಕಣ್ಣು ಮುಚ್ಚಿ, ಪುಟ ತೆರೆದು ಬೆರಳಿಟ್ಟ; ಬೆರಳಡಿಯ ಮಾತೇ ದೇವರ ಉತ್ತರ. ತಂದೆತಾಯಿಯನ್ನು ಗೌರವಿಸು ಅನ್ನುವ ಮಾತು ಬಂತು. "ಫ್ಯಾನ್ ಗಾಳಿಗೆ ಪುಟ ಹಾರಿತು," ಅಂದ. ಆಮೇಲೆ ಯಾರದೋ ವಂಶಾವಳಿ ಬಂತು. "ಇದು ಲೆಕ್ಕಕ್ಕಿಲ್ಲ." ಮೂರನೇ ಸಲ, ದೇವರು ಅಬ್ರಹಾಮನಿಗೆ ಮನೆ ಬಿಟ್ಟು ಹೊರಡು ಅಂದ ಮಾತು. "ನೋಡಿದ್ರಾ, ಕರ್ತನೇ ಹೇಳಿಬಿಟ್ಟ!" ಅಂತ ಕಣ್ಣೊರೆಸಿಕೊಂಡ. ಥೂ! ನೀನು ಒಂದೇ ಸಲ ಬೆರಳಿಡುತ್ತಿದ್ದೆ, ಬಂದದ್ದು ಕಹಿಯಾದರೂ ನುಂಗುತ್ತಿದ್ದೆ.

ಉತ್ತರ ಕೊಟ್ಟದ್ದಕ್ಕೆ ಅಣ್ಣ ದೇವರಿಗೆ ಸ್ತೋತ್ರ ಹೇಳಿದ. ಕಿವಿ ಕೇಳದ ಅಪ್ಪ ಅದನ್ನು ಊಟದ ಪ್ರಾರ್ಥನೆ ಅಂದುಕೊಂಡು, ಎಲ್ಲರಿಗಿಂತ ಜೋರಾಗಿ ಆಮೆನ್ ಅಂದು ತಟ್ಟೆ ಮುಂದಕ್ಕೆಳೆದುಕೊಂಡ.

ನಾನು ಬಡಿಸಿದೆ.