ಏಳನೇ ನಂಬರಿನವನ ಅಪ್ಪ

ಅಮಾಗು,
ಏಪ್ರಿಲ್ 9, ಬುಧವಾರ ಬೆಳಗ್ಗೆ

ಪ್ರೀತಿಯ ತಮ್ಮ ಕನಾಯೊಗೆ ನಿನ್ನ ಅಕ್ಕ ಉಜೋಮಾ ಬರೆಯುವುದು.

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಸದಾ ವಿಮಾನದಲ್ಲಿ ಕೂತೂ ಕೂತೂ ಬಂದ ನೋವು ಅದು. ನಾನು ಹೇಳಿದರೆ ನಿನ್ನ ಡಾಕ್ಟರುಗಳು ನಗುತ್ತಾರೆ. ಆದರೂ ಹೇಳುತ್ತೇನೆ, ದಿನಕ್ಕೆ ಹತ್ತು ನಿಮಿಷ ಬರೀ ನೆಲದ ಮೇಲೆ ಮಲಗು. ನಿನ್ನ ಹೆಂಡತಿಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ ಅಂದುಕೊಂಡಿದ್ದೇನೆ. ಮಕ್ಕಳಿಗೆ ಅತ್ತೆಯ ಮುಖ ನೆನಪಿದ್ದರೆ ಒಂದೊಂದು ಮುತ್ತು ಕೊಡು. ಫೋನೇ ಮಾಡಬಹುದಿತ್ತು, ಆದರೆ ನಿನ್ನ ಫೋನು ಎತ್ತುವವರು ನಾಲ್ಕು ಜನ. ಹೋದ ತಿಂಗಳು ಒಬ್ಬಳು ಯಾವ ವಿಷಯವಾಗಿ ಮಾತಾಡಬೇಕು ಅಂತ ಕೇಳಿದಳು. ಅಪ್ಪನ ವಿಷಯ ಅಂದೆ. "ಯಾರ ಅಪ್ಪ, ಮೇಡಂ?" ಅಂದಳು. ಪಾಪ, ಅವಳ ತಪ್ಪಲ್ಲ. ಅದಕ್ಕೇ ಈ ಕಾಗದ. ಮನೆ ಕಟ್ಟಿಸುತ್ತಿರುವ ನಿನ್ನ ಎಂಜಿನಿಯರು ಇವತ್ತು ಲಾಗೋಸಿಗೆ ಹೊರಟಿದ್ದಾನೆ. ಫೈಲಿನಲ್ಲಿ ಇಡಬೇಡ, ತಮ್ಮನ ಕೈಗೇ ಕೊಡು ಅಂತ ಎರಡು ಸಲ ಹೇಳಿದ್ದೇನೆ.

ಅಮ್ಮ ಚೆನ್ನಾಗಿದ್ದಾಳೆ. ಐದು ದಿನದಿಂದ ಒಂದೇ ಸಮ ನಿದ್ದೆ ಮಾಡುತ್ತಿದ್ದಾಳೆ, ಬೆಳಗ್ಗೆ ನಾನೇ ಎಬ್ಬಿಸಬೇಕು. ನಿನ್ನೆ ಕಹಿ ಸೊಪ್ಪಿನ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡು, ಮೀನು ಸಾಲದು ಅಂತ ನನ್ನನ್ನೇ ಬೈದಳು. ಅವಳ ಬಾಯಿಂದ ಬೈಗುಳ ಕೇಳಿ ಎಷ್ಟು ಕಾಲವಾಗಿತ್ತೋ. ನಾನೂ ಆರಾಮಾಗಿದ್ದೇನೆ. ಅಂಗೈಯಲ್ಲಿ ಬೊಕ್ಕೆ ಎದ್ದಿವೆ, ಪೆನ್ನು ಹಿಡಿಯುವುದು ಕಷ್ಟ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ.

ಇನ್ನು ಊರಿನ ಸುದ್ದಿ ಅಂದರೆ ನಿನ್ನದೇ. ಶತಕೋಟಿ ಡಾಲರಿನ ಒಡೆಯರಾದ ಕರಿಯರ ಈ ವರ್ಷದ ಪಟ್ಟಿ ಬಂತು. ಹೋದ ವರ್ಷ ಹನ್ನೊಂದರಲ್ಲಿದ್ದವನು ಏಳಕ್ಕೆ ಏರಿದ್ದೀಯ. ಪಟ್ಟಿಯಲ್ಲಿರುವ ಎಲ್ಲರ ಆಸ್ತಿಯೂ ಬೆಳೆದಿದೆಯಂತೆ, ನಿನ್ನದು ಇನ್ನೂ ಜೋರಾಗಿ. ದೊಡ್ಡಪ್ಪ ಅನೆನೆ, ಈಗ ನಮ್ಮ ವಂಶದ ಗಂಡಸರಿಗೆಲ್ಲ ಅವನೇ ಯಜಮಾನನಲ್ಲವೇ, ಪತ್ರಿಕೆಯ ಹಾಳೆ ಕತ್ತರಿಸಿ ಚಾವಡಿಯ ಗೋಡೆಗೆ ಅಂಟಿಸಿದ್ದಾನೆ. ಹಳೆಯದನ್ನು ಕೀಳಲಿಲ್ಲ. ಹದಿನಾರರ ಮೇಲೆ ಹನ್ನೊಂದು, ಹನ್ನೊಂದರ ಮೇಲೆ ಏಳು. ಸಂತೆಯಲ್ಲಿ ನನ್ನ ಬಟ್ಟೆ ಅಂಗಡಿಗೆ ಬರುವ ಹೆಂಗಸರು "ಏಳರ ಅಕ್ಕ" ಅಂತ ಕರೆಯುತ್ತಾರೆ, ಕರೆದು ಇನ್ನೂ ಗಟ್ಟಿಯಾಗಿ ಚೌಕಾಸಿ ಮಾಡುತ್ತಾರೆ. "ನಿಮಗೇನಕ್ಕಾ ಕಮ್ಮಿ, ಇನ್ನೊಂದು ಗಜ ಸೇರಿಸಿ ಕೊಡಿ" ಅನ್ನುತ್ತಾರೆ. ಸೇರಿಸಿ ಕೊಡುತ್ತೇನೆ. ಇಲ್ಲವೆನ್ನಲು ಬೇಕಾದ ಸಿಟ್ಟೂ ನನ್ನಲ್ಲಿ ಉಳಿದಿಲ್ಲ.

ಸುಳ್ಳು ಹೇಳುವುದಿಲ್ಲ, ಮೊದಲ ಸಲ ನನಗೂ ಎದೆಯುಬ್ಬಿತ್ತು. ನಾವಿಬ್ಬರೂ ಮೊಟ್ಟಮೊದಲು ಸೇರಿದ ಪಟ್ಟಿ ಯಾವುದು ಹೇಳು? ಯುದ್ಧದ ವರ್ಷ ಹಾಲಿನ ಪುಡಿಗಾಗಿ ಸಾಲು ನಿಂತಾಗ ಚರ್ಚಿನವರು ಬರೆದುಕೊಂಡ ಹಸಿದ ಮಕ್ಕಳ ಪಟ್ಟಿ. ನನಗೆ ಏಳು ವರ್ಷ, ನೀನು ನನ್ನ ಬೆನ್ನ ಮೇಲೆ, ಎರಡು ತುಂಬಿದ್ದರೂ ತೂಕವೇ ಇರಲಿಲ್ಲ ನಿನಗೆ. ಅಂಥವನ ಹೆಸರು ಶ್ರೀಮಂತರ ಪಟ್ಟಿಯ ಕೊನೆಯ ಸಾಲಿನಲ್ಲಿ ಬಂದಾಗ ಅಪ್ಪ ಇನ್ನೂ ಇದ್ದ. ನಮ್ಮ ಅಂಗಳದ ಉಕ್ವಾ ಮರದ ಕೆಳಗೆ ಯಾರದೋ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದವನು ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಪೂರ್ತಿ ಓದಿದ. ಆಮೇಲೆ "ಕರಿಯರಿಗೆ ಬೇರೆ ಪಟ್ಟಿ ಯಾಕಮ್ಮಾ? ನಮ್ಮ ಹುಡುಗನ ದುಡ್ಡಿಗೂ ಬಣ್ಣ ಇದ್ಯಾ?" ಅಂತ ಕೇಳಿದ. ಕೇಳಿದ್ದೇನೋ ಹಾಗೆ, ಆದರೆ ಆ ಹಾಳೆಯನ್ನು ಮಡಚಿ ಸ್ಪ್ಯಾನರುಗಳ ಪೆಟ್ಟಿಗೆಯಲ್ಲಿಟ್ಟುಕೊಂಡು ಗಾಳಿ ಹಾಕಿಸಲು ಬಂದವರಿಗೆಲ್ಲ ತೋರಿಸುತ್ತಿದ್ದ. ಅದು ಎಣ್ಣೆ ಹತ್ತಿ ಕೊನೆಕೊನೆಗೆ ನಿನ್ನ ಹೆಸರೇ ಕಾಣುತ್ತಿರಲಿಲ್ಲ.

ಅವನು ಸತ್ತು ಇಪ್ಪತ್ತೇಳು ತಿಂಗಳಾಯಿತು. ನಿನಗೆ ಲೆಕ್ಕ ತಪ್ಪಿರಬಹುದು ಅಂತ ಬರೆಯುತ್ತಿದ್ದೇನೆ, ಚುಚ್ಚಲು ಅಲ್ಲ. ತಗಡಿನ ಮನೆಯಿಂದ ಅಪ್ಪನ ಹೆಣ ಎತ್ತಿದರೆ ಊರು ನಗುತ್ತದೆ ಅಂದೆ ನೀನು. ಸರಿ, ನಮ್ಮಲ್ಲಿ ಅದು ಇದ್ದದ್ದೇ, ಒಂದು ಮರ್ಯಾದಸ್ತ ಮನೆಯಾಗದೆ ಅಪ್ಪನನ್ನು ಮಣ್ಣು ಮಾಡುವ ಮಗನನ್ನು ಯಾರೂ ಮಗ ಅನ್ನುವುದಿಲ್ಲ. ಅಪ್ಪನನ್ನು ಶವಾಗಾರದಲ್ಲಿಟ್ಟು, ಈಸ್ಟರಿಗೆ ದಿನ ಗೊತ್ತುಮಾಡಿ, ಗೋಡೆಗೆ ಸಿಮೆಂಟು ಬಳಿದು ಬಣ್ಣ ಹೊಡೆಸೋಣ ಅಂತ ಮಾತಾಯಿತು. ಅಷ್ಟರಲ್ಲಿ ಪಟ್ಟಿ ಬಂತು, ನೀನು ಹದಿನಾರು. ಹದಿನಾರನೆಯವನಿಗೆ ಬಳಿದ ಗೋಡೆ ಸಾಲುತ್ತದೆಯೇ? ಮನೆ ಕೆಡವಿ ಎರಡು ಮಹಡಿ ಎಬ್ಬಿಸಿದರು. ಅಮ್ಮನನ್ನು ಹಿಂದಿನ ಅಡುಗೆಕೋಣೆಗೆ ಹಾಕಿದೆವು, ನಾನೂ ಬಂದು ಜೊತೆಗಿದ್ದೆ. ಮರುವರ್ಷ ಹನ್ನೊಂದು. ಎರಡು ಮಹಡಿಯನ್ನೂ ಕೆಡವಿದರು. ಈಗ ನಾಲ್ಕು ಮಹಡಿ, ಒಳಗೆ ಲಿಫ್ಟಿಗೆ ಗುಂಡಿ, ಯಾವುದೋ ದೇಶದಿಂದ ಹಡಗಿನಲ್ಲಿ ಬರಬೇಕಾದ ಕಲ್ಲು. ನಾನು ಒಂದು ದಿನ ತಡೆಯಲಾರದೆ ದೊಡ್ಡಪ್ಪ ಅನೆನೆಯನ್ನು ಇನ್ನು ಸಾಕು, ಮಣ್ಣು ಮಾಡೋಣ ಅಂತ ಕೇಳಿಕೊಂಡೆ. "ಹನ್ನೊಂದನೇ ನಂಬರಿನವನ ಅಪ್ಪನ್ನ ಹದಿನಾರನೇ ನಂಬರಿನವನ ಅಪ್ಪನ ಥರ ಮಣ್ಣು ಮಾಡಕ್ಕಾಗುತ್ತೇನೇ ಹುಚ್ಚೀ?" ಅಂದ. ನಿನ್ನ ಆಸ್ತಿ ಒಂದು ವರ್ಷ ಬೆಳೆಯದೆ ನಿಂತಿದ್ದರೆ ಅಪ್ಪ ಅವತ್ತೇ ನೆಲ ಸೇರಿರುತ್ತಿದ್ದ, ಕನಾ. ಅದನ್ನು ಬೇಡಿಕೊಳ್ಳುವ ಪ್ರಾರ್ಥನೆ ಯಾವ ಚರ್ಚಿನಲ್ಲೂ ಇಲ್ಲ.

ಶವಾಗಾರಕ್ಕೆ ತಿಂಗಳ ಮೊದಲ ಶನಿವಾರ ಹೋಗುತ್ತಿದ್ದೆ. ಮೊದಮೊದಲು ಬಾಗಿಲಲ್ಲೇ ಕುಸಿದು ಕೂತು ಅಳುತ್ತಿದ್ದೆ. ಆಮೇಲೆ ಯಾವಾಗಲೋ ನಿಂತುಹೋಯಿತು, ಯಾವಾಗ ಅಂತ ನೆನಪಿಲ್ಲ. ಅಂಗಡಿಯಲ್ಲಿ ಬಟ್ಟೆಯ ಥಾನು ನೋಡುವ ಹಾಗೆ ಕಾಲಿಗೆ ಕಟ್ಟಿದ ಚೀಟಿ ನೋಡುವುದು, ಹೊದಿಕೆ ಬದಲಿಸಿದ್ದಾರಾ ಅಂತ ನೋಡುವುದು, ರಸೀದಿ ತಗೊಂಡು ಬಸ್ಸು ಹತ್ತುವುದು. ಅಲ್ಲಿನ ಕೆಲಸದವನು ಒಳ್ಳೆಯವನು. "ಇಲ್ಲಿರೋರಲ್ಲೆಲ್ಲ ನಿಮ್ಮ ತಂದೇನೇ ಸೀನಿಯರ್ ಅಕ್ಕಾ" ಅಂತ ತಮಾಷೆ ಮಾಡುತ್ತಿದ್ದ. ನಾನೂ ನಗುತ್ತಿದ್ದೆ. ಅಪ್ಪ ಈಗ ಅಪ್ಪನ ಹಾಗೆ ಕಾಣುವುದಿಲ್ಲ. ಚರ್ಮ ಸೈಕಲ್ ಸೀಟಿನ ಹಾಗಾಗಿದೆ. ಇದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

ಆದರೆ ನಾನು ಹೆದರುತ್ತಿದ್ದದ್ದು ಅಮ್ಮನಿಗಾಗಿ. ಶೋಕದ ಬಟ್ಟೆ ಹೊಲಿಸಿ ಪೆಟ್ಟಿಗೆಯಲ್ಲಿಟ್ಟು ಕೂತಿದ್ದಳು. ಮಣ್ಣಾಗದೆ ಉಡುವ ಹಾಗಿಲ್ಲ, ತಲೆ ಬೋಳಿಸುವ ಹಾಗಿಲ್ಲ. ಎರಡು ವರ್ಷ ಅವಳು ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ. ಚರ್ಚಿನ ಹೆಂಗಸರಿಗೆ ಅವಳನ್ನು ಯಾವ ಬೆಂಚಿನಲ್ಲಿ ಕೂರಿಸಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಜನವರಿಯಲ್ಲಿ ಡಾಕ್ಟರು ಅವಳ ಎದೆ ಪರೀಕ್ಷೆ ಮಾಡಿ, ಇನ್ನು ವರ್ಷದ ಮಾತು ಬೇಡ, ತಿಂಗಳ ಮಾತಾಡಿ ಅಂದರು. ನಿನ್ನ ಆಫೀಸಿಗೆ ಹೇಳಿ ಕಳಿಸಿದೆ, ಹೂವಿನ ಬುಟ್ಟಿ ಬಂತು. ಅಮ್ಮ ಅತ್ತು ರಂಪ ಮಾಡುವವಳಲ್ಲ. ಗೆಣಸು ಸುಲಿಯುತ್ತಾ ಒಂದೇ ಮಾತು ಅಂದಳು, "ನಾನೇ ಮುಂಚೆ ಹೋದ್ರೆ, ಅಲ್ಲಿ ಚಳೀಲಿ ಅವನನ್ನ ಯಾರು ನೋಡ್ಕೋತಾರೆ?" ಅಂತ. ಗೆಣಸು ತಗೊಂಡು ತೊಳೆದೆ.

ಹೋದ ತಿಂಗಳು ನೀನು ಏಳು ಆದೆಯಲ್ಲ, ಅದಾಗಿ ಎರಡೇ ವಾರಕ್ಕೆ ಎಂಜಿನಿಯರು ಹೊಸ ನಕ್ಷೆ ತಂದ. ದೊಡ್ಡ ದೊಡ್ಡವರು ಹೆಲಿಕಾಪ್ಟರಿನಲ್ಲಿ ಬರುತ್ತಾರಂತೆ, ಅದು ಇಳಿಯಲು ಜಾಗ ಬೇಕಂತೆ. ಉಕ್ವಾ ಮರಕ್ಕೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದು ಹೋದ. ಕಡಿಯುವವರು ಸೋಮವಾರ ಬರುತ್ತಾರೆ ಅಂದ. ಆ ಮರದ ಕೆಳಗೆ ಕೂತು ಅಪ್ಪ ನಲವತ್ತು ವರ್ಷ ನಮಗೆ ಅನ್ನ ಹಾಕಿದ್ದು ನಿನಗೆ ನೆನಪಿರಲೇಬೇಕು. ನಿನ್ನ ಮುಂದೆಯೇ ಅವನು "ನನ್ನನ್ನ ಇಲ್ಲೇ ಮಲಗಿಸಿ, ಹಲಸಿನಷ್ಟು ದಪ್ಪ ಕಾಯಿ ಬಿದ್ದು ತಲೆ ಒಡೆಯುತ್ತೆ ಅನ್ನೋ ಭಯ ಇನ್ನಿರಲ್ಲ" ಅಂತ ಹೇಳಿ ನಕ್ಕದ್ದು ನೆನಪಿದೆಯಾ? ನೀನೂ ನಕ್ಕಿದ್ದೆ. ಹೊಸ ನಕ್ಷೆಯಲ್ಲಿ ಅಪ್ಪನಿಗೆ ಗೇಟಿನ ಪಕ್ಕ ಗಾಜಿನ ಮಂಟಪ ಬರೆದಿದ್ದರು. ಅಮ್ಮ ಹೊರಗೆ ಬಂದು ಆ ಕೆಂಪು ಗೆರೆಯ ಮೇಲೆ ಕೈಯಿಟ್ಟು ನಿಂತಳು. ಅಂಗೈಗೆ ಬಣ್ಣ ಹತ್ತಿತು.

ನಾನು ಅವತ್ತೇ ಹೋಗಿ ಅತ್ತೆ ಎಜಿನ್ನೆಗೆ ಎಲ್ಲ ಹೇಳಿದೆ. ಅಪ್ಪನ ಅಕ್ಕನಿಗೆ ಎಂಬತ್ತೆಂಟು ಆಗಿದ್ದರೂ ಕಿವಿ ಚುರುಕಾಗಿದೆ. ಮದುವೆಯಾಗಿ ಹೋದ ನಮ್ಮ ವಂಶದ ಹೆಣ್ಣುಮಕ್ಕಳಿಗೆಲ್ಲ ಹೇಳಿ ಕಳಿಸಿದಳು. ಗುರುವಾರ ಹತ್ತೊಂಬತ್ತು ಜನ ಬಂದು ಅಂಗಳದಲ್ಲಿ, ಸಿಮೆಂಟು ಚೀಲಗಳ ನಡುವೆ ಚಾಪೆ ಹಾಸಿ ಕೂತರು. ಹೆಣ್ಣುಮಕ್ಕಳು ಹಾಗೆ ಕೂತರೆ ಗಂಡಸರ ಗಂಟಲು ಒಣಗುತ್ತದೆ ಅಂತ ನಿನಗೆ ಗೊತ್ತು. ದೊಡ್ಡಪ್ಪ ಅನೆನೆ ಎಲ್ಲ ಹೇಳಿ ನೋಡಿದ. ಹಿರಿಯ ಮಗ ಮೊದಲ ಹಿಡಿ ಮಣ್ಣು ಹಾಕದೆ ಬೇರೆ ಯಾರೂ ಹಾಕುವಂತಿಲ್ಲ, ಅದು ತಲೆತಲಾಂತರದ ಕಟ್ಟಳೆ ಅಂದ. ಅದು ನಿಜವೇ. ಅತ್ತೆ ಮೊದಲು ಚಾಪೆಯ ಮೇಲೆ ಕಾಲು ನೀಡಿ ಕೂತಳು. ಆಮೇಲೆ "ಅನೆನೆ, ಇದು ನನ್ನ ತಮ್ಮ. ನಿನ್ನ ಗೋಡೆ ಮೇಲಿನ ಪೇಪರಲ್ಲ" ಅಂದಳು.

ಹಾಳೆ ಮುಗಿಯುತ್ತ ಬಂತು, ಎಂಜಿನಿಯರು ಆಗಲೇ ಹಾರ್ನ್ ಹೊಡೆಯುತ್ತಿದ್ದಾನೆ. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಊಟ ಬಿಡಬೇಡ ಅಂದಿದ್ದಾಳೆ. ನಿನ್ನ ಹೆಂಡತಿಗೆ ಒಂದು ಥಾನು ಬಟ್ಟೆ ಕಳಿಸಿದ್ದೇನೆ, ನೀಲಿ ಅವಳಿಗೆ ಒಪ್ಪುತ್ತದೆ. ದೇವರು ನಿನ್ನನ್ನೂ ಮಕ್ಕಳನ್ನೂ ತಣ್ಣಗಿಟ್ಟಿರಲಿ.

ನಿನ್ನನ್ನು ಬೆನ್ನ ಮೇಲೆ ಹೊತ್ತ ಅಕ್ಕ,
ಉಜೋಮಾ

ತಾ.ಕ. – ಅಪ್ಪನನ್ನು ಶುಕ್ರವಾರ ಬೆಳಗ್ಗೆ ಮಣ್ಣು ಮಾಡಿದೆವು. ಶವಾಗಾರದ ರಸೀದಿಗಳೆಲ್ಲ ನನ್ನ ಹೆಸರಿನಲ್ಲೇ ಇದ್ದವು, ಕೇಳಿದ ಕೂಡಲೇ ಬಿಟ್ಟುಕೊಟ್ಟರು. ಗುಂಡಿ ಮುಟ್ಟಲು ಗಂಡಸರು ಹೆದರಿದ್ದರಿಂದ ನಾವು ಹೆಂಗಸರೇ ತೋಡಿದೆವು. ಉಕ್ವಾ ಮರದ ಕೆಳಗೇ. ಕೆಳಗೆ ಅಪ್ಪ ಇರುವಾಗ ಆ ಮರಕ್ಕೆ ಇನ್ನು ಯಾರೂ ಕೊಡಲಿ ಎತ್ತುವುದಿಲ್ಲ, ಸೋಮವಾರ ಬಂದವರು ನೋಡಿ ಟೋಪಿ ತೆಗೆದು ಹಿಂದೆ ಹೋದರು. ಅಮ್ಮ ಕೊನೆಯವರೆಗೂ ನಿಂತೇ ಇದ್ದಳು, ಮಧ್ಯಾಹ್ನ ತಲೆ ಬೋಳಿಸಿಕೊಂಡು ಪೆಟ್ಟಿಗೆಯ ಬಟ್ಟೆ ಉಟ್ಟಳು. ನನಗೆ ಆಗಲೂ ಅಳು ಬರಲಿಲ್ಲ. ಕಟ್ಟಳೆ ಮುರಿದಿಲ್ಲ, ಹೆದರಬೇಡ. ಮೊಟ್ಟಮೊದಲು ತೆಗೆದ ಮಣ್ಣನ್ನು ಅತ್ತೆ ಅಮ್ಮನ ಬೋಗುಣಿಗೆ ತುಂಬಿಸಿದಳು. ಅದೇ ಮೊದಲ ಹಿಡಿ, ನಿನ್ನ ಪಾಲು. ತಲೆಯ ಹತ್ತಿರ ಒಂದು ಹಿಡಿಯಷ್ಟು ಜಾಗವನ್ನು ಮುಚ್ಚದೆ ಬಿಟ್ಟು, ಬೋಗುಣಿಯನ್ನು ಅಲ್ಲೇ ಇಟ್ಟು, ಮಳೆ ಬೀಳದ ಹಾಗೆ ಹಳೇ ಮನೆಯ ತಗಡು ಮುಚ್ಚಿದ್ದೇನೆ. ಅಮ್ಮ ಇರುವಾಗಲೇ ಬಾ. ಏನೂ ತರಬೇಡ, ಕೈ ಸಾಕು.