ಪಕ್ಕದ ಮನೆಯ ಹಾಡು

ಭಾವನವರಿಗೆ ನಮಸ್ಕಾರ.

ನಾಡಿದ್ದಿನ ಪ್ರವಾಸಕ್ಕೆ ಬೇರೆ ಗೈಡನ್ನು ನೋಡಿಕೊಳ್ಳಿ. ಅಕ್ಕ ಕೇಳಿದರೆ ನನಗೆ ಜ್ವರ ಎಂದುಬಿಡಿ.

‘ಕಣ್ಣೀರು ತರಿಸುವ ಬೆಟ್ಟದ ಹಾಡು’ ಎಂದು ನೀವು ಜಾಹೀರಾತು ಕೊಟ್ಟಿದ್ದಿರಲ್ಲ, ಆ ಹಾಡುಗಾರರ ಮನೆಗೆ ಮೊನ್ನೆ ಬೀಗ ಬಿದ್ದಿತ್ತು. ನಾನು ವಿಚಾರಿಸಿ ಬರುವಷ್ಟರಲ್ಲಿ ನಮ್ಮ ತಂಡ ಪಕ್ಕದ ಮನೆಯಲ್ಲಿ ಹಾಡು ಕೇಳಿಸಿತೆಂದು ಬೂಟುಗಾಲಲ್ಲೇ ಒಳಗೆ ನುಗ್ಗಿ ಕೂತಿತ್ತು. ಕಂಬಳಿ ಹೊದಿಸಿದ ಮಂಚದ ಸುತ್ತ ಹೆಂಗಸರು ಕೂತಿದ್ದರು. ಮುದುಕಿಯೊಬ್ಬಳು ಎದೆ ಬಡಿದುಕೊಳ್ಳುತ್ತಿದ್ದಳು. ‘ಏಳೋ ಮಗನೇ, ಬಿಸಿಲೇರಿತು’ ಎನ್ನುತ್ತಿದ್ದಾಳೆಂದು ತಿಳಿದದ್ದು ಅವರ ಭಾಷೆ ಬಲ್ಲ ನನಗೊಬ್ಬನಿಗೇ.

‘ಅಲ್ಲಿ ಹೆಣ ಇದೆ, ಏಳಿ’ ಎಂದು ತಂಡದಲ್ಲಿದ್ದ ಟೋಪಿ ಮೇಷ್ಟ್ರೊಬ್ಬರ ಕಿವಿಯಲ್ಲಿ ಉಸುರಿದೆ.

‘ಹೆಣಾನೂ ಇಟ್ಟಿದಾರಾ? ಎಂಥಾ ಏರ್ಪಾಡು ರೀ!’ ಎಂದರು. ಅವರ ಹೆಂಡತಿ, ಮುದುಕಿಯ ಪಕ್ಕ ಅಳುತ್ತಿದ್ದ ಸೊಸೆಯ ಹೆಗಲ ಮೇಲೆ ಕೈಹಾಕಿ ಫೋಟೊ ತೆಗೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿ ‘ವನ್ಸ್ ಮೋರ್’ ಎಂದು ಕೂಗಿದರು.

ಇವರು ಕೇಳುತ್ತಿರುವುದೇನು ಎಂದು ಮುದುಕಿ ನನ್ನತ್ತ ನೋಡಿದಳು. ‘ನಿಮ್ಮ ಮಗ ಎಂಥವನಾಗಿದ್ದ ಅಂತ ಕೇಳ್ತಿದಾರಮ್ಮ’ ಎಂದೆ. ಬೇರೇನು ಹೇಳಲಿ? ಆಕೆ ಆ ಹೇಸಿಗೆ ಮಂದಿಗೆಲ್ಲ ಕೈಮುಗಿದು, ಮೊದಲಿನಿಂದ ಶುರುಮಾಡಿದಳು.

ಬಸ್ಸಿನಲ್ಲಿ ಇವರೆಲ್ಲ ಬಾಯಿ ಚಪ್ಪರಿಸುತ್ತ ಅದನ್ನೇ ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿ ನೀವು ನಿನ್ನೆ ಫೋನಿನಲ್ಲಿ, ‘ಜನಕ್ಕೆ ಹಿಡಿಸಿದೆ ಕಣೋ, ಇನ್ಮೇಲೆ ಆ ಮನೆಗೇ ಕರ್ಕೊಂಡು ಹೋಗು’ ಎಂದಿರಿ.

ಭಾವ, ಆಕೆಗೆ ಇದ್ದದ್ದು ಒಬ್ಬನೇ ಮಗ.

ಇತಿ,
ನಿಮ್ಮ ಭಾಮೈದ